ಗಾಲ್ಫಿನ ಕೋಲುಗಳನ್ನು ಕೊಳ್ಳುವ ಮುನ್ನ

ಕಳೆದ ತಿಂಗಳು ಶಿಡ್ಲಘಟ್ಟದ ಗೃಹಸ್ಥರೊಬ್ಬರಿಂದ ನಮಗೊಂದು ಕಾಗದ ಬಂದಿತು. ಅವರು ರೇಷ್ಮೆ ನೂಲು ಬಿಚ್ಚುವ ಕಸುಬಿನವರು. ಮಗನು ಬೆಂಗಳೂರಿನಲ್ಲಿ ಓದುತ್ತಿರುವನು. ಸಹಪಾಠಿಗಳ ಸಂಗಡ ನಾಲ್ಕಾರು ಸಲ ಗಾಲ್ಫ್ ಅಭ್ಯಾಸದ ಮೈದಾನಕ್ಕೆ ಹೋಗಿಬಂದ ಹುಡುಗನಿಗೆ ಆ ಆಟದ ಹುಚ್ಚು ಹತ್ತಿ, ಹದಿನಾಲ್ಕು ಕೋಲುಗಳ ಪೂರ್ಣ ಸೆಟ್ಟೇ ಬೇಕೆಂದು ಹಟ ಹಿಡಿದಿರುವನಂತೆ. ಅಂಗಡಿಯವರು ಹೇಳಿದ ಬೆಲೆಯು ಒಂದು ಲಕ್ಷ ರೂಪಾಯಿಗೂ ಮೇಲೆ. “ಗೂಡು ಕೊಳ್ಳಲು ಇಟ್ಟಿರುವ ಹಣವನ್ನು ತೆಗೆದು ಕೊಡಲೇ? ಇಲ್ಲವೆ ಇದು ದೊರೆಗಳ ಆಟ, ನಮಗೇಕೆಂದು ಗದರಿಸಿ ಸುಮ್ಮನಿರಿಸಲೇ? ತಾವು ಮೇಷ್ಟರು, ಒಂದು ಮಾತು ಹೇಳಬೇಕು” ಎಂದು ಕೇಳಿರುವರು.

ಎರಡೂ ಬೇಡವೆಂಬುದು ನಮ್ಮ ಉತ್ತರ. ಜನ್ಮವೆಲ್ಲ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ಸಂಸ್ಕೃತದ ಮೇಷ್ಟರಿಗೆ ಗಾಲ್ಫಿನ ಗೊಡವೆ ಎಲ್ಲಿಂದ ಬಂದಿತೆಂದು ವಾಚಕರು ನಗಬಹುದು. ಹೆಸರಿನಲ್ಲಿಯೇ ದಂಡವನ್ನು ಧರಿಸಿರುವ ದಂಡಿಯು ದಶಕುಮಾರಚರಿತೆಯಲ್ಲಿ ಕಂದುಕಾವತಿಯ ಚೆಂಡಾಟವನ್ನು ವರ್ಣಿಸಿರುವನಷ್ಟೆ. ಆ ರಾಜಕುಮಾರಿಗೆ ಬರಿಗೈಯೇ ಸಾಕಾಗಿತ್ತು. ನಮಗೆ ಕೋಲಿನ ಜ್ಞಾನವು ಬಂದದ್ದು ಗ್ರಂಥದಿಂದಲ್ಲ, ಮನೆಯಲ್ಲಿ ನಾವೇ ಮಾಡಿದ ಒಂದು ತಪ್ಪಿನಿಂದ. ಅದನ್ನು ಮುಚ್ಚಿಟ್ಟು ಬುದ್ಧಿ ಹೇಳಹೊರಡುವುದು ನ್ಯಾಯವಲ್ಲ.

ನಮ್ಮ ಮಗಳ ಮಗಳಿಗೆ ಆಗ ಹತ್ತು ವರ್ಷ. ಬೇಸಗೆಯ ರಜದಲ್ಲಿ ನಂದಿಬೆಟ್ಟದ ಕಡೆ ಗೆಳತಿಯೊಬ್ಬಳ ಸಂಗಡ ಹೋಗಿ ಚೆಂಡನ್ನು ಹೊಡೆದು ಬಂದವಳು, ತನಗೂ ಕೋಲು ಬೇಕೆಂದಳು. ಕೇಳಿದ ಮರುದಿನವೇ ಬೆಂಗಳೂರಿಗೆ ಹೋದೆವು. ಹಳೆಯ ಸಾಮಾನು ಮಾರುವವರೊಬ್ಬರ ಬಳಿ, ಯಾರೋ ವಯಸ್ಸಾದ ದೊಡ್ಡ ಮನುಷ್ಯರು ಬಿಟ್ಟ ಹನ್ನೆರಡು ಉಕ್ಕಿನ ಕೋಲುಗಳು, ಚರ್ಮದ ಚೀಲ ಸಹಿತ, ಆರು ಸಾವಿರಕ್ಕೆ ದೊರೆತುವು. ಅಗ್ಗವಾಗಿ ಸಿಕ್ಕಿತೆಂಬ ಹೆಮ್ಮೆ ನಮಗೆ! ಮಗುವಿಗೆ ಉದ್ದವಾಯಿತೆಂದು ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯಲ್ಲಿ ಒಂದೊಂದನ್ನೂ ಮೇಲಿನಿಂದ ಗೇಣುದ್ದ ಕೊಯ್ಯಿಸಿ, ತುದಿಗೆ ಸೈಕಲ್ಲಿನ ಹಿಡಿಯನ್ನು ತುರುಕಿಸಿದೆವು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, “ಸೀರೆಯನ್ನು ಕತ್ತರಿಸಿದರೆ ಲಂಗವಾದೀತು. ಇದನ್ನು ಕತ್ತರಿಸಿದರೆ ಮಗುವಿನದಾಗುತ್ತದೆಯೇ?” ಎಂದರು. ನಾವು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಾಲ್ಕು ತಿಂಗಳು ಆ ಹುಡುಗಿ ಪ್ರತಿ ಭಾನುವಾರವೂ ಆ ಕೋಲುಗಳನ್ನೇ ಬೀಸಿದಳು. ಚೆಂಡು ಮೇಲಕ್ಕೇಳದೆ ನೆಲದಲ್ಲಿ ತೆವಳುತ್ತಿತ್ತು. ಕೊನೆಗೆ ಒಂದು ದಿನ ಕಲಿಸುವವರು ಅವಳ ಬಲಗೈಯನ್ನು ಹಿಡಿದು ನೋಡಿದರೆ ಮಣಿಕಟ್ಟು ಊದಿಕೊಂಡಿದೆ. ಎಷ್ಟು ದಿನದಿಂದ ನೋವೆಂದು ಕೇಳಿದಾಗ, “ಮೊದಲಿಂದಲೂ” ಎಂದಳಂತೆ. ಹೇಳಲಿಲ್ಲವೇಕೆಂದು ಕೇಳಿದರೆ, “ತಾತ ತಂದುಕೊಟ್ಟದ್ದು” ಎಂದಳಂತೆ. ಈ ಮಾತನ್ನು ಮಗಳು ಬಂದು ಹೇಳಿದ ರಾತ್ರಿ ನಮಗೆ ಊಟ ಸೇರಲಿಲ್ಲ.

ತಪ್ಪು ಎಲ್ಲಿತ್ತೆಂಬುದನ್ನು ಆ ಕಲಿಸುವವರೇ ನಮಗೆ ತಿಳಿಸಿದರು. ಗಾಲ್ಫಿನ ಕೋಲಿಗೆ ತಲೆ, ಕಾವು, ಹಿಡಿ ಎಂದು ಮೂರು ಅಂಗಗಳು. ಬೀಸುವಾಗ ಕಾವು ಸ್ವಲ್ಪ ಬಳುಕಬೇಕು. ದೊಡ್ಡವರ ಏಳನೆಯ ನಂಬರಿನ ಕೋಲಿನ ತಲೆಯೊಂದೇ ಕಾಲು ಕಿಲೋಗ್ರಾಮಿಗಿಂತ ಹೆಚ್ಚು ತೂಗುವುದು. ಉಕ್ಕಿನ ಕಾವು ಬೇರೆ. ಕಾವನ್ನು ಮೊಟಕು ಮಾಡಿದರೆ ಆ ತಲೆಯ ತೂಕವೇನೂ ಕಡಮೆಯಾಗದು. ಕಾವು ಮಾತ್ರ ಇನ್ನೂ ಬಿಗಿಯಾಗಿ, ಎಳೆಯ ಕೈಗೆ ಬಳುಕಲೊಲ್ಲದು. ನಮ್ಮ ರೈತನಿಗೆ ಇದನ್ನು ಯಾರೂ ಹೇಳಬೇಕಾಗಿಲ್ಲ. ಆಳಿಗೆ ತಕ್ಕ ಕಾವಿಲ್ಲದ ಗುದ್ದಲಿಯು ನೆಲಕ್ಕಿಂತ ಮೊದಲು ಸೊಂಟವನ್ನು ಅಗೆಯುತ್ತದೆಂಬುದನ್ನು ಅವನು ಬಲ್ಲ. ನಾವು ಅಗ್ಗದ ಬೆಲೆಯನ್ನು ನೋಡಿದೆವು, ಮಗುವಿನ ಅಳತೆಯನ್ನು ನೋಡಲಿಲ್ಲ. ಲಕ್ಷ ರೂಪಾಯಿ ಸುರಿಯುವವರು ಮಾಡುವ ತಪ್ಪೂ ಇದೇ ಜಾತಿಯದು.

ಇನ್ನು ದೊರೆಗಳ ಆಟವೆಂಬ ಮಾತು. ಒಂದು ಕಾಲಕ್ಕೆ ಅದು ದಿಟ. ಬೆಂಗಳೂರು ಗಾಲ್ಫ್ ಕ್ಲಬ್ಬು 1876ರಲ್ಲಿ ಆಂಗ್ಲರು ಸ್ಥಾಪಿಸಿದುದು. ನಮ್ಮ ಸೀಮೆಯು 2007ರವರೆಗೆ ಸೇರಿದ್ದ ಕೋಲಾರ ಜಿಲ್ಲೆಯ ಚಿನ್ನದ ಗಣಿಯಲ್ಲಿಯೂ ಅವರ ಮೈದಾನವಿತ್ತು. ಈಗಲೂ ಆಟವು ಅಗ್ಗದ್ದಲ್ಲ. ಆದರೂ ಬಿಡದಿಯ ಬಳಿಯ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪನವರು ಊರ ಪಕ್ಕದ ಮೈದಾನದಲ್ಲಿ ಕಲಿತು ಏಷ್ಯಾ ಖಂಡದ ವೃತ್ತಿಪಂದ್ಯಗಳವರೆಗೆ ಏರಿರುವರು. ಬೆಂಗಳೂರಿನ ಅದಿತಿ ಅಶೋಕರ ಕಥೆಯಂತೂ ಮನೆಮಾತು. ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನದ ಬಳಿ ತಂದೆತಾಯಿಗಳ ಸಂಗಡ ತಿಂಡಿಗೆ ಹೋದ ಐದಾರು ವರ್ಷದ ಬಾಲೆಯು, ಅಲ್ಲಿನ ಗದ್ದಲವೇನೆಂದು ಕುತೂಹಲದಿಂದ ನೋಡಹೋಗಿ ಆಟಕ್ಕೆ ತೊಡಗಿದಳು.

ಆಕೆಯ ವಿಷಯವನ್ನು ನಾವು ಎತ್ತಿದುದಕ್ಕೆ ಬೇರೊಂದು ಕಾರಣವುಂಟು. 2021ರ ಆಗಸ್ಟ್ 7ರ ಬೆಳಿಗ್ಗೆ ಟೋಕಿಯೋ ಒಲಿಂಪಿಕ್ ಪಂದ್ಯದ ಕೊನೆಯ ದಿನದಾಟವನ್ನು ಗಾಲ್ಫೆಂದರೇನೆಂದು ತಿಳಿಯದ ಮನೆಗಳಲ್ಲಿಯೂ ಜನರು ಟೀವಿಯ ಮುಂದೆ ಕುಳಿತು ನೋಡಿದರು. ಅದಿತಿಯವರು ಒಂದೇ ಹೊಡೆತದ ಅಂತರದಲ್ಲಿ ಪದಕವನ್ನು ತಪ್ಪಿಸಿಕೊಂಡು ನಾಲ್ಕನೆಯವರಾದರು. ಚೆಂಡನ್ನು ದೂರಕ್ಕೆ ಹೊಡೆಯುವುದರಲ್ಲಿ ಆಕೆಯು ಅಲ್ಲಿದ್ದ ಬಹುಮಂದಿಗಿಂತ ಹಿಂದೆ. ಆಕೆಯನ್ನು ಅಷ್ಟೆತ್ತರಕ್ಕೆ ಒಯ್ದುದು ಗುಳಿಯ ಸಮೀಪದಲ್ಲಿ ಚೆಂಡನ್ನು ಮೆಲ್ಲಗೆ ತಟ್ಟಿ ಉರುಳಿಸುವ ಪಟರ್ ಎಂಬ ಗಿಡ್ಡ ಕೋಲು. ಲೆಕ್ಕವನ್ನೂ ನೋಡಿರಿ. ಹದಿನೆಂಟು ಗುಳಿಗಳ ಮೈದಾನಕ್ಕೆ ಸಾಮಾನ್ಯವಾಗಿ ಎಪ್ಪತ್ತೆರಡು ಹೊಡೆತಗಳ ಮಿತಿ. ಅದರಲ್ಲಿ ಗುಳಿಗೆ ಎರಡರಂತೆ ಮೂವತ್ತಾರು ಹೊಡೆತಗಳು ಪಟರಿಗೇ ಮೀಸಲು. ಹೀಗಿರುವಾಗ ಹೊಸಬರೆಲ್ಲ ಮೊದಲು ಹಣ ಚೆಲ್ಲುವುದು ಡ್ರೈವರ್ ಎಂಬ ಉದ್ದನೆಯ ದಪ್ಪತಲೆಯ ಕೋಲಿಗೆ! ಹೆಸರಾಂತ ಕಂಪೆನಿಯ ಹೊಸ ಡ್ರೈವರ್ ಒಂದಕ್ಕೇ ಅರ್ಧ ಲಕ್ಷ ರೂಪಾಯಿಯನ್ನು ಮುಟ್ಟುವ ಬೆಲೆಯುಂಟು. ನಲವತ್ತೈದು ಅಂಗುಲದ ಆ ಕೋಲು ಕಲಿಯುವವನ ಕೈಗೆ ಬಗ್ಗುವುದೂ ಎಲ್ಲಕ್ಕಿಂತ ಕಡೆಗೆ.

ಹದಿನಾಲ್ಕೆಂಬುದು ನಿಯಮವು ಹಾಕಿದ ಮೇಲ್ಮಿತಿ. ಅಮೆರಿಕದಲ್ಲಿ 1938ರಲ್ಲಿಯೂ ಉಳಿದೆಡೆ ಮರುವರ್ಷವೂ ಜಾರಿಗೆ ಬಂದಿತು. ಕೆಳಮಿತಿಯನ್ನು ಯಾರೂ ಹಾಕಿಲ್ಲ. 1916ರಲ್ಲಿ ಚಿಕ್ ಇವಾನ್ಸ್ ಎಂಬಾತನು ಏಳೇ ಕೋಲುಗಳಿಂದ ಅಮೆರಿಕದ ಓಪನ್ ಪಂದ್ಯವನ್ನು ಗೆದ್ದನು. ಅವೂ ಮರದ ಕಾವಿನವು.

ಹಾಗಾದರೆ ಶಿಡ್ಲಘಟ್ಟದ ಹುಡುಗನಿಗೆ ಬೇಕಾದುವು ಯಾವುವು? ಮೊದಲ ಎರಡು ತಿಂಗಳು ಯಾವುದೂ ಬೇಡ. ಅಭ್ಯಾಸದ ಮೈದಾನಗಳಲ್ಲಿ ಕೋಲುಗಳನ್ನು ಬಾಡಿಗೆಗೆ ಕೊಡುವ ಪದ್ಧತಿಯುಂಟು. ಅವುಗಳಲ್ಲಿಯೇ ಕೈ ಕುದುರಿಸಿಕೊಳ್ಳಲಿ. ಹುಚ್ಚು ನಿಂತಿತೋ ಇಳಿಯಿತೋ ಆಗ ತಾನಾಗಿ ತಿಳಿಯುವುದು. ಆಮೇಲೆ ಒಂದು ಪಟರ್, ಒಂದು ಏಳನೆಯ ನಂಬರಿನ ಐರನ್. ಸಂಸ್ಕೃತ ಪಾಠದಲ್ಲಿ ರಾಮಶಬ್ದವಿದ್ದಂತೆ ಈ ಏಳನೆಯ ನಂಬರು: ಅದೊಂದು ಸರಿಯಾಗಿ ಬಾಯಿಗೆ ಬಂದರೆ ಅಂಥ ಶಬ್ದಗಳೆಲ್ಲ ಹಿಂದೆಯೇ ಬರುತ್ತವೆ. ಅದರ ಮುಖವು ಸುಮಾರು ಮೂವತ್ತರಿಂದ ಮೂವತ್ತನಾಲ್ಕು ಡಿಗ್ರಿ ಹಿಂದಕ್ಕೆ ಓರೆಯಾಗಿರುವುದರಿಂದ ಚೆಂಡು ಸುಲಭವಾಗಿ ಮೇಲೇಳುವುದು. ಡ್ರೈವರಿನ ಹತ್ತು ಡಿಗ್ರಿಯ ಮುಖವು ಹೊಸಬರ ಚೆಂಡನ್ನು ಅತ್ತಿತ್ತ ತಿರುಗಿಸಿ ಓಡಿಸುವಂತೆ ಇದು ಓಡಿಸದು. ಮರಳುಗುಂಡಿಯಿಂದಲೂ ಹತ್ತಿರದಿಂದಲೂ ಎತ್ತಿ ಹಾಕಲು ಐವತ್ತಾರು ಡಿಗ್ರಿಯ ಸ್ಯಾಂಡ್ ವೆಜ್ ಒಂದು. ಮುಂದೆ ಒಂಬತ್ತನೆಯ ನಂಬರಿನದೊಂದು, ದೂರಕ್ಕೆ ಹೈಬ್ರಿಡ್ ಒಂದು. ಈ ಐದರಿಂದ ವರ್ಷವೊಂದನ್ನು ಸುಖವಾಗಿ ಕಳೆಯಬಹುದು.

ಡೆಕಾತ್ಲಾನ್ ಮಳಿಗೆಯವರು ಇನೆಸಿಸ್ ಎಂಬ ಹೆಸರಿನಲ್ಲಿ ಹೊಸಬರಿಗಾಗಿಯೇ ಕೋಲುಗಳನ್ನು ಮಾರುತ್ತಾರೆ. ಹಳೆಯ ಮಾಲು ಕೊಂಡರೂ ದೋಷವಿಲ್ಲ; ಐರನ್ ಕೋಲುಗಳು ಹತ್ತು ವರ್ಷಕ್ಕೆ ಕೆಡುವ ಸಾಮಾನಲ್ಲ. ಆದರೆ ಕಣ್ಣಿಟ್ಟು ನೋಡಬೇಕು. ಮುಖದ ಮೇಲಿನ ಗೀರುಗಳು ಸವೆದು ನುಣ್ಣಗಾಗಿರಬಾರದು. ಒಂದು ಕಣ್ಣು ಮುಚ್ಚಿ ಕಾವಿನುದ್ದಕ್ಕೂ ನೋಡಿದರೆ ಸೊಟ್ಟಗಿರಬಾರದು. ತಲೆಯನ್ನು ಅಲುಗಿಸಿದರೆ ಒಳಗೆ ಗಡಗಡ ಸದ್ದಾಗಬಾರದು. ಹಿಡಿಯ ರಬ್ಬರು ಒಣಗಿ ಜಾರುತ್ತಿದ್ದರೆ ಚಿಂತೆಯಿಲ್ಲ, ಅದನ್ನು ಬದಲಿಸಬಹುದು. ದೊಡ್ಡ ಕಂಪೆನಿಯ ಹೊಸ ಮಾಲು ಕಾಲುಬೆಲೆಗೆ ಸಿಕ್ಕಿತೆಂದರೆ ಮಾತ್ರ ಅದು ನಕಲಿಯೆಂದು ಶಂಕಿಸತಕ್ಕದ್ದು. ಬೆನ್ನು ಕೊರೆದು ಅಂಚಿಗೆ ತೂಕವನ್ನು ಹಂಚಿರುವ ತಲೆಯನ್ನೇ ಆರಿಸಿರಿ. ಪೆಟ್ಟು ನಡುವಿಗೆ ಬೀಳದಿದ್ದರೂ ಅದು ಒಂದಿಷ್ಟು ಕ್ಷಮಿಸುತ್ತದೆ. ಬ್ಲೇಡ್ ಎಂಬ ತೆಳುತಲೆಯದು ನೋಡಲು ಚೆಂದ, ಆದರೆ ಅದು ಪಳಗಿದವರಿಗೆ. ಮೈಕಟ್ಟು ತೆಳ್ಳಗಿದ್ದರೆ ಉಕ್ಕಿಗೆ ಬದಲಾಗಿ ಹಗುರವಾದ ಗ್ರಾಫೈಟಿನ ಕಾವು ಒಳ್ಳೆಯದು. ಹೆಂಗಸರದೆಂದೋ ವೃದ್ಧರದೆಂದೋ ಚೀಟಿ ಅಂಟಿಸಿದ ಮೆತ್ತನೆಯ ಕಾವು ಹುಡುಗನ ಕೈಗೆ ಹೊಂದಿದರೆ ನಾಚಿಕೆಯಿಲ್ಲದೆ ಅದನ್ನೇ ಕೊಳ್ಳಲಿ. ಚೀಟಿಯನ್ನು ಕಿತ್ತುಹಾಕಿದರಾಯಿತು.

ಚೆಂಡಿಗೂ ಉಡುಪಿಗೂ ಹಣ ಸುರಿಯಬೇಡಿರಿ. ಹೊಸಬರ ಚೆಂಡು ಪೊದೆಯ ಪಾಲಾಗುವುದು ನಿಶ್ಚಯ; ಬಳಸಿದ ಚೆಂಡುಗಳೇ ಸಾಕು.

ಮೊಮ್ಮಗಳ ಮಣಿಕಟ್ಟು ವಾಸಿಯಾಗಲು ಆರು ವಾರ ಹಿಡಿಯಿತು. ಆಮೇಲೆ ಅವಳನ್ನೇ ಕರೆದೊಯ್ದು, ಎತ್ತರವನ್ನು ಅಳೆಯಿಸಿ, ಮಕ್ಕಳದೇ ಆದ ಮೂರು ಹಗುರ ಕೋಲುಗಳನ್ನು ಕೊಡಿಸಿದೆವು. ಮಕ್ಕಳು ಬೆಳೆಯುವ ವೇಗಕ್ಕೆ ಎರಡು ವರ್ಷದಲ್ಲಿ ಅವು ಗಿಡ್ಡವಾಗುವುವು. ಆದಕಾರಣ ಅವನ್ನೂ ಮತ್ತೊಂದು ಮಗುವಿನ ಮನೆಯಿಂದಲೇ ಕೊಂಡೆವು, ಮತ್ತೊಂದು ಮಗುವಿಗೆ ಕೊಡುವೆವು. ಈಗ ಅವಳ ಚೆಂಡು ಗಾಳಿಯಲ್ಲಿ ಏಳುತ್ತದೆ. ನೋವಾದರೆ ಹೇಳಬೇಕೆಂದು ನಾವು ಮಾತು ತೆಗೆದುಕೊಂಡಿದ್ದೇವೆ; ಹೇಳುತ್ತಾಳೆ, ಕೆಲವು ಸಲ ಇಲ್ಲದ ನೋವನ್ನೂ, ಮುಖ್ಯವಾಗಿ ಮನೆಪಾಠದ ಹೊತ್ತಿನಲ್ಲಿ. ಕೊಯ್ಯಿಸಿದ ಹನ್ನೆರಡರಲ್ಲಿ ನಾಲ್ಕು ನಮ್ಮ ಹಿತ್ತಿಲಿನ ಹೀರೇಬಳ್ಳಿಗೆ ಊರುಗೋಲಾಗಿವೆ. ಚೀಲದಲ್ಲಿ ನಮ್ಮ ಮನೆಯವರು ಈರುಳ್ಳಿ ತುಂಬಿಟ್ಟಿರುವರು.

ಶಿಡ್ಲಘಟ್ಟದ ಮಿತ್ರರು ಗೂಡಿನ ಹಣವನ್ನು ಮುಟ್ಟದಿರಲಿ. ಹುಡುಗನು ದಿನವೂ ತೊಡುವ ಮೆಟ್ಟಿನ ಮೇಲೆ ನೆಟ್ಟಗೆ ನಿಂತು ಕೈಗಳನ್ನು ಇಳಿಬಿಟ್ಟಾಗ, ಮಣಿಕಟ್ಟಿನ ಗೆರೆಯಿಂದ ನೆಲಕ್ಕೆ ಎಷ್ಟು ಅಂಗುಲವಾಗುತ್ತದೆಂದು ಟೇಪಿನಿಂದ ಅಳೆದು, ಅವನ ಎತ್ತರದೊಡನೆ ಒಂದು ಕಾರ್ಡಿನಲ್ಲಿ ಬರೆದು ಕಳುಹಿಸಲಿ. ಮೊಮ್ಮಗಳಿಗೆ ಕಲಿಸುವವರಿಗೆ ಅದನ್ನು ತೋರಿಸಿ, ಯಾವ ಉದ್ದದ ಕೋಲೆಂಬುದನ್ನು ಕೇಳಿ ತಿಳಿಸುವೆವು.