ಕಾರ್ಡು ಕೇಳದ ಆಸ್ಪತ್ರೆ

ತಿಂಗಳ ಕೊನೆಯ ವಾರ ಯಾವುದಾದರೂ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿನ ಮೆಡಿಕಲ್ ಶಾಪಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ನಾಲ್ಕು ಮಡಿಕೆಯಾಗಿ ಅಂಚು ಸವೆದ ಚೀಟಿ ಹಿಡಿದು ಬಂದವರು ಬಿಪಿ ಮಾತ್ರೆ ಕೇಳುತ್ತಾರೆ. 'ಎಷ್ಟು ಕೊಡ್ಲಿ?' ಎಂದರೆ, 'ಸದ್ಯಕ್ಕೆ ಐದು ಸಾಕು ಅಣ್ಣ' ಅನ್ನುತ್ತಾರೆ. ಅಂಗಡಿಯವರು ಕತ್ತರಿ ತೆಗೆದು ಹತ್ತು ಮಾತ್ರೆಯ ಪಟ್ಟಿಯನ್ನು ನಡುವಿಗೆ ಕತ್ತರಿಸಿ ಕೊಡುತ್ತಾರೆ. ಆ ಐದು ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿ ಕೂಲಿಯ ಹಣ ಕೈಸೇರುವ ತನಕ ದೂಡಬೇಕು. ಸಕ್ಕರೆ ಕಾಯಿಲೆಯ ಮಾತ್ರೆಯದೂ ಇದೇ ಕಥೆ.

ಹೀಗೆ ಐದು ಮಾತ್ರೆ ಕೊಂಡು ಹೋಗುವವರ ಮನೆಯ ಟ್ರಂಕಿನಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿ ಮೌಲ್ಯದ ಆಯುಷ್ಮಾನ್ ಕಾರ್ಡು ಇರುತ್ತದೆ. ಆ ಕಾರ್ಡಿಗೆ ಮಾತ್ರೆ ಬರುವುದಿಲ್ಲ. ದಿನ ಬಿಟ್ಟು ದಿನ ನುಂಗಿದ ಮಾತ್ರೆ ರಕ್ತದೊತ್ತಡವನ್ನು ಹಿಡಿಯಲಾರದೆ ಒಂದು ಬೆಳಗಿನ ಜಾವ ಲಕ್ವ ಹೊಡೆದು ಅರ್ಧ ಮೈ ಬಿದ್ದುಹೋದರೆ ಆಗ ಕಾರ್ಡು ಕೆಲಸಕ್ಕೆ ಬರುತ್ತದೆ. ಆಂಬುಲೆನ್ಸು, ಐಸಿಯು, ಪ್ಯಾಕೇಜು, ಕಾರ್ಡಿನ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರ ಸಹಿ ಎಲ್ಲವೂ ಆಗ. ಸರ್ಕಾರ ಕೆಲವೇ ರೂಪಾಯಿಯ ಮಾತ್ರೆಗೆ ಮಾಡದ ಖರ್ಚನ್ನು ಸಾವಿರಗಟ್ಟಲೆಯಾಗಿ ಮಾಡುತ್ತದೆ. ದುಡಿಯುವ ಕೈ ಮಾತ್ರ ಮತ್ತೆ ಎದ್ದು ದುಡಿಯುವುದಿಲ್ಲ.

ಎಲ್ಲರಿಗೂ ಸರ್ಕಾರದ ಹಣದಲ್ಲಿ ಚಿಕಿತ್ಸೆ ಸಿಗಬೇಕೇ ಎಂಬ ಚರ್ಚೆ ಬಂದಾಗಲೆಲ್ಲ ನಾವು ಕಾರ್ಡಿನ ಮಿತಿಯನ್ನು ಐದು ಲಕ್ಷದಿಂದ ಹತ್ತು ಲಕ್ಷಕ್ಕೆ ಏರಿಸಬೇಕೇ, ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ, ಯಾರ ಹೆಸರು ಬಿಟ್ಟುಹೋಗಿದೆ ಎಂಬಲ್ಲೇ ಸುತ್ತುತ್ತೇವೆ. ವಿಮೆ ಬೇಡವೆಂದು ನಾನು ಹೇಳುತ್ತಿಲ್ಲ. 2003ರಲ್ಲಿ ಶುರುವಾದ ಯಶಸ್ವಿನಿ, ಸಹಕಾರ ಸಂಘದ ಸದಸ್ಯನಾದ ರೈತನಿಗೆ ತಿಂಗಳಿಗೆ ಐದು ರೂಪಾಯಿಯಲ್ಲಿ ಆಪರೇಷನ್ ಥಿಯೇಟರಿನ ಬಾಗಿಲು ತೆರೆಯಿತು. ಆಮೇಲೆ ಬಂದ ವಾಜಪೇಯಿ ಆರೋಗ್ಯಶ್ರೀಯಿಂದ ಹೃದಯದ, ಕ್ಯಾನ್ಸರಿನ ಚಿಕಿತ್ಸೆ ಪಡೆದು ಬದುಕಿದವರು ನಮ್ಮ ಊರುಗಳಲ್ಲಿದ್ದಾರೆ. ಅವರ ಎದುರು ನಿಂತು ವಿಮೆ ವ್ಯರ್ಥವೆನ್ನುವ ಧೈರ್ಯ ಯಾರಿಗೂ ಬರಲಾರದು. ಆದರೆ ವಿಮೆ ಬೆನ್ನಿಗಿರಬೇಕಾದ ಏರ್ಪಾಡು. ಅದನ್ನೇ ಇಡೀ ಆರೋಗ್ಯ ವ್ಯವಸ್ಥೆಯೆಂದು ಭಾವಿಸಿದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಸೊರಗಿದವು.

1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ ಈ ದೇಶಕ್ಕೆ ಹೇಳಿದ ಮೊದಲ ಮಾತೇ, ಹಣ ಕೊಡಲಾಗದು ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದು. ಆ ಸಮಿತಿ ಕನಸಿದ್ದು ಹಳ್ಳಿಯ ಹತ್ತಿರದಲ್ಲೇ 75 ಹಾಸಿಗೆಯ ಆಸ್ಪತ್ರೆಯನ್ನು. ಎರಡು ವರ್ಷದ ಬಳಿಕ, 1948ರ ಜುಲೈ 5ರಂದು, ಯುದ್ಧದಿಂದ ಬಸವಳಿದಿದ್ದ, ಇನ್ನೂ ಪಡಿತರ ಚೀಟಿಯಲ್ಲೇ ಬದುಕುತ್ತಿದ್ದ ಬ್ರಿಟನ್ ತನ್ನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿತು. ಅವರಲ್ಲೂ ವೈದ್ಯರ ಸಂಘ ವಿರೋಧಿಸಿತ್ತು, ಹಣವೆಲ್ಲಿ ಎಂಬ ಪ್ರಶ್ನೆ ಇತ್ತು. ನಾವು ಮಾತ್ರ ನಮ್ಮದೇ ವರದಿಯನ್ನು ಕಪಾಟಿನಲ್ಲಿಟ್ಟೆವು.

ಬ್ರಿಟನ್ ಸಿರಿವಂತ ದೇಶ ಎನ್ನುವವರು ಥಾಯ್ಲೆಂಡನ್ನು ನೋಡಲಿ. ಆ ದೇಶದಲ್ಲಿ 1980ರ ದಶಕದಲ್ಲಿಯೇ ದೊಡ್ಡ ಊರುಗಳ ಆಸ್ಪತ್ರೆಗಳ ಹೊಸ ಕಟ್ಟಡಗಳ ಅನುದಾನವನ್ನು ಕೆಲವು ವರ್ಷ ತಡೆಹಿಡಿದು, ಆ ಹಣವನ್ನು ಗ್ರಾಮಾಂತರದ ಆಸ್ಪತ್ರೆಗಳಿಗೆ ಹರಿಸಿದರು. ಓದು ಮುಗಿಸಿದ ವೈದ್ಯರು ಹಳ್ಳಿಗಾಡಿನಲ್ಲಿ ಸೇವೆ ಮಾಡಲೇಬೇಕೆಂದರು. ಹಾಗೆ ಹೋದ ವೈದ್ಯರೇ ಮುಂದೆ ಇಡೀ ದೇಶಕ್ಕೆ ಚಿಕಿತ್ಸೆಯ ಹಕ್ಕು ಬೇಕೆಂದು ವಾದಿಸಿದರು. ಅವರಲ್ಲೊಬ್ಬರು ಡಾ. ಸಂಗುವಾನ್ ನಿತ್ಯಾರಂಪೊಂಗ್. 2002ರಲ್ಲಿ ಕಾನೂನು ಬಂತು. ಒಮ್ಮೆ ಆಸ್ಪತ್ರೆಗೆ ಹೋಗಲು 30 ಬಾತ್ ಕೊಟ್ಟರೆ ಸಾಕಿತ್ತು. ಕೆಲವೇ ವರ್ಷಗಳಲ್ಲಿ ಆ 30 ಬಾತನ್ನೂ ಕೈಬಿಟ್ಟರು. ಹಣ ಬಂದದ್ದು ಸಾಮಾನ್ಯ ತೆರಿಗೆಯಿಂದ, ಮೊದಲ ವರ್ಷ ತಲೆಗೆ 1,202 ಬಾತ್‌ನಂತೆ. ರೋಗಿ ಮೊದಲು ಹೋಗಬೇಕಾದದ್ದು ತನ್ನ ಜಿಲ್ಲೆಯ ಆಸ್ಪತ್ರೆಗೆ. ಹಣ ತಲೆಲೆಕ್ಕದಲ್ಲಿ ಆಸ್ಪತ್ರೆಗೆ ಸಲ್ಲುತ್ತಿದ್ದರಿಂದ, ಅವನು ಆರೋಗ್ಯವಾಗಿದ್ದಷ್ಟೂ ಆಸ್ಪತ್ರೆಗೆ ಖರ್ಚು ಕಡಿಮೆ. ಹಾಗಾಗಿ ಬಿಪಿ ಮಾತ್ರೆ ತಪ್ಪದೆ ಕೊಡುವುದು ಆಸ್ಪತ್ರೆಯ ಲೆಕ್ಕಕ್ಕೂ ಹೊಂದುತ್ತಿತ್ತು. ಅವರು ಮೊದಲು ಆಸ್ಪತ್ರೆ ಕಟ್ಟಿ ಆಮೇಲೆ ಹಕ್ಕು ಕೊಟ್ಟರು. ಈ ಕ್ರಮವನ್ನು ನಮ್ಮ ಯೋಜನೆ ಬರೆಯುವವರು ಗಮನಿಸಬೇಕು.

ಆಪರೇಷನ್ನಿಗೊಂದು ಪ್ಯಾಕೇಜು ಎಂಬ ಲೆಕ್ಕದಲ್ಲಿ ಹಣ ಕೊಡುವಾಗ ಏನಾಗಬಹುದು ಎಂಬುದನ್ನು ಛತ್ತೀಸಗಡ 2012ರಲ್ಲಿ ಕಂಡಿತು. ಅಲ್ಲಿ ವಿಮಾ ಕಾರ್ಡಿನ ಹಣಕ್ಕಾಗಿ ಬಡ ಹೆಣ್ಣುಮಕ್ಕಳ ಗರ್ಭಕೋಶವನ್ನು ಅಗತ್ಯವಿಲ್ಲದೆಯೇ ತೆಗೆದ ಆರೋಪದ ಮೇಲೆ ಕೆಲವು ವೈದ್ಯರ ಪರವಾನಗಿಯನ್ನೇ ಅಮಾನತಿನಲ್ಲಿಡಬೇಕಾಯಿತು. ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳಿಗೂ ಇದೇ ಗತಿ ಬಂದದ್ದು 2015ರ ಹೊತ್ತಿಗೆ ಬಯಲಾಯಿತು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಖಾಸಗಿ ಆಸ್ಪತ್ರೆಗಳು ಗರ್ಭಕೋಶ ತೆಗೆದಿದ್ದವು. ಅವರಲ್ಲಿ ಹಲವರಿಗೆ ಇನ್ನೂ ನಲವತ್ತೂ ಆಗಿರಲಿಲ್ಲ. ಆ ಹೆಂಗಸರ ಹತ್ತಿರದಲ್ಲೇ ನೆಚ್ಚಿಕೊಳ್ಳಬಹುದಾದ ಒಬ್ಬ ಸರ್ಕಾರಿ ಲೇಡಿ ಡಾಕ್ಟರ್ ಇದ್ದಿದ್ದರೆ ಎಷ್ಟು ಮಂದಿ ಅಷ್ಟು ದೂರ ಹೋಗುತ್ತಿದ್ದರು? ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಇನ್ನು ಬಡವರಿಗೆ ಮಾತ್ರ ಕೊಟ್ಟರೆ ಸಾಲದೇ, ಉಳ್ಳವರಿಗೇಕೆ ತೆರಿಗೆ ಹಣದ ಚಿಕಿತ್ಸೆ ಎಂಬ ವಾದ. ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಬಡವರು ಯಾರೆಂದು ಬಾಗಿಲಲ್ಲಿ ನಿಂತು ತೀರ್ಮಾನಿಸುವವರು ಯಾರು? ನಮ್ಮಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ಐದು ಲಕ್ಷದವರೆಗೆ ಪೂರ್ಣ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜು ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಬಿಪಿಎಲ್ ಎನಿಸಿಕೊಳ್ಳಲು ವರ್ಷದ ಆದಾಯ 1.2 ಲಕ್ಷ ದಾಟಬಾರದು, ಅಂದರೆ ತಿಂಗಳಿಗೆ ಹತ್ತು ಸಾವಿರ. ಗಾರ್ಮೆಂಟ್ಸಿಗೆ ಹೋಗುವ ಗಂಡ ಹೆಂಡತಿ ಇಬ್ಬರ ಸಂಬಳ ಕೂಡಿಸಿದರೆ ಈ ಗೆರೆ ದಾಟುತ್ತದೆ. ಅವರು ಶ್ರೀಮಂತರೇ? 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿಯ ಗದ್ದಲವೆದ್ದಾಗ ಅಕ್ಕಿಯ ಮಾತೇ ಎಲ್ಲೆಡೆ ಕೇಳಿತು. ಕಾರ್ಡು ಹೋದವರ ಕಿಡ್ನಿಯ, ಹೃದಯದ ಪೂರ್ಣ ಚಿಕಿತ್ಸೆಯೂ ಅದರೊಂದಿಗೇ ಹೋಗುತ್ತದೆಂಬುದನ್ನು ಹೆಚ್ಚು ಜನ ಗಮನಿಸಲಿಲ್ಲ. ಕಾಯಿಲೆ ಬಿದ್ದವನು ಮೊದಲು ತನ್ನ ಬಡತನವನ್ನು ಸಾಬೀತು ಮಾಡಬೇಕೆನ್ನುವ ವ್ಯವಸ್ಥೆಯಲ್ಲಿ ತಪ್ಪು ತಪ್ಪಿದ್ದಲ್ಲ, ಮತ್ತು ಪ್ರತಿ ತಪ್ಪಿಗೂ ಒಂದು ಮನೆ ಸಾಲಕ್ಕೆ ಬೀಳುತ್ತದೆ. ಉಳ್ಳವರಿಂದ ಹೆಚ್ಚು ವಸೂಲಾಗಬೇಕು, ನಿಜ. ಅದು ತೆರಿಗೆ ಕಟ್ಟುವಾಗ ಆಗಲಿ, ಸ್ಟ್ರೆಚರಿನ ಪಕ್ಕದಲ್ಲಿ ಬೇಡ.

ಇನ್ನೊಂದು ಕಾರಣವೂ ಇದೆ. ತಹಶೀಲ್ದಾರರ ಮಗಳು, ಹೈಸ್ಕೂಲ್ ಮೇಷ್ಟ್ರ ಸೊಸೆ ತಾಲ್ಲೂಕು ಆಸ್ಪತ್ರೆಯಲ್ಲೇ ಹೆರಿಗೆಗೆ ಬಂದರೆ ಆ ಆಸ್ಪತ್ರೆಯ ಕೊಳಾಯಿಯಲ್ಲಿ ನೀರು ಬರುತ್ತದೆ, ಲಿಫ್ಟ್ ಓಡುತ್ತದೆ, ಅರಿವಳಿಕೆ ತಜ್ಞರ ಹುದ್ದೆ ವರ್ಷಗಟ್ಟಲೆ ಖಾಲಿ ಉಳಿಯುವುದಿಲ್ಲ. ದನಿಯಿರುವವರು ಬಿಟ್ಟುಹೋದ ಕಡೆ ದನಿಯಿಲ್ಲದವರ ದೂರು ಕೇಳುವವರಿಲ್ಲ.

ಸರ್ಕಾರಿ ಆಸ್ಪತ್ರೆ ಎಂದರೆ ಜನರಿಗೆ ಭಯವಿದೆ, ಆ ಭಯ ಸುಳ್ಳಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಕೊಟ್ಟ ಡ್ರಿಪ್ಪಿನ ದ್ರಾವಣದ ಮೇಲೆಯೇ ಸಂಶಯ ಬಂತು. ಕೂಸುಗಳು ತಬ್ಬಲಿಯಾದವು. ಸರ್ಕಾರದ ಹಣದ ಚಿಕಿತ್ಸೆಯನ್ನು ಸಮರ್ಥಿಸುವ ನಮ್ಮಂಥವರು ಈ ಸಾವುಗಳನ್ನು ಪಕ್ಕಕ್ಕೆ ಸರಿಸಿ ಮಾತಾಡಬಾರದು. ಔಷಧ ಖರೀದಿಯೇ ನೆಟ್ಟಗಿಲ್ಲದಿದ್ದರೆ ಹಕ್ಕಿನ ಮಾತು ಬರೀ ಮಾತು. ಪಕ್ಕದ ತಮಿಳುನಾಡು ಇದನ್ನು 1994ರಲ್ಲಿ ವೈದ್ಯಕೀಯ ಸೇವಾ ನಿಗಮ ಕಟ್ಟಿದಾಗಲೇ ಅರಿತಿತ್ತು. ಔಷಧಗಳ ಒಂದೇ ಪಟ್ಟಿ, ಜಿಲ್ಲೆಗಳಲ್ಲಿ ಗೋದಾಮು, ಬಂದ ಪ್ರತಿ ಬ್ಯಾಚಿನ ಮಾದರಿಯ ಪರೀಕ್ಷೆ, ಪ್ರತಿ ಆಸ್ಪತ್ರೆಗೂ ಬ್ಯಾಂಕಿನ ಹಾಗೆ ಒಂದು ಪಾಸ್‌ಬುಕ್. ಯಾವ ಆಸ್ಪತ್ರೆ ಎಷ್ಟು ಮೊತ್ತದ ಔಷಧ ಪಡೆಯಿತು, ಇನ್ನೆಷ್ಟು ಬಾಕಿ ಎಂಬುದು ಅದರಲ್ಲಿ ಕಾಣುತ್ತದೆ. ಇದರಲ್ಲಿ ನಮ್ಮಿಂದ ಆಗದಂಥದ್ದು ಏನೂ ಇಲ್ಲ.

ಖಾಸಗಿಯವರ ಕೈಗೆ ಕೊಟ್ಟುಬಿಟ್ಟರೆ ಗುಣಮಟ್ಟ ತಾನಾಗಿ ಬರುತ್ತದೆಂಬ ನಂಬಿಕೆಯನ್ನೂ ನಾವು ಪರೀಕ್ಷಿಸಿ ನೋಡಿದ್ದೇವೆ. ರಾಯಚೂರಿನ ಜನ ಇಂದಿಗೂ ಒಪೆಕ್ ಆಸ್ಪತ್ರೆ ಎಂದೇ ಕರೆಯುವ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಸರ್ಕಾರ ಹತ್ತು ವರ್ಷ ಖಾಸಗಿ ಸಂಸ್ಥೆಯೊಂದಕ್ಕೆ ವಹಿಸಿ, 2012ರಲ್ಲಿ ಒಪ್ಪಂದ ಮುಂದುವರಿಸದೆ ಹಿಂದಕ್ಕೆ ಪಡೆಯಿತು. ವಿಜಯಪುರದ ಜನ 2025ರಲ್ಲಿ ಖಾಸಗಿ ಸಹಭಾಗಿತ್ವ ಬೇಡ, ಪೂರ್ತಿ ಸರ್ಕಾರಿ ವೈದ್ಯಕೀಯ ಕಾಲೇಜೇ ಬೇಕೆಂದು ಧರಣಿ ಕೂತರು. ತಾವು ಏನು ಕೇಳುತ್ತಿದ್ದೇವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹಣದ ಮಾತಿಗೆ ಬರೋಣ. 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರ ಹೊತ್ತಿಗೆ ಸರ್ಕಾರಗಳ ಆರೋಗ್ಯ ವೆಚ್ಚ ದೇಶದ ಒಟ್ಟು ಉತ್ಪನ್ನದ ಶೇ 2.5 ಆಗಬೇಕೆಂದಿತು. ರಾಜ್ಯಗಳು ತಮ್ಮ ಬಜೆಟ್ಟಿನ ಶೇ 8ಕ್ಕಿಂತ ಹೆಚ್ಚು ಕೊಡಬೇಕೆಂದಿತು. ಕೋವಿಡ್ ಬಂದುಹೋದ 2021-22ರಲ್ಲೂ ದೇಶದ ಅಂಕಿ ಶೇ 1.84ರಲ್ಲೇ ನಿಂತಿತು. ಕರ್ನಾಟಕದ 2025-26ರ ಬಜೆಟ್ ನಾಲ್ಕು ಲಕ್ಷ ಕೋಟಿ ದಾಟಿತು, ಆರೋಗ್ಯಕ್ಕೆ ಸಿಕ್ಕಿದ್ದು ಹದಿನೇಳು ಸಾವಿರ ಕೋಟಿ ಚಿಲ್ಲರೆ. ನೂರಕ್ಕೆ ಐದೂ ಆಗಲಿಲ್ಲ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ಕ್ಕೆ ಶೇ 39.4ಕ್ಕೆ ಇಳಿದಿದೆ ಎಂದು ಕೇಂದ್ರದ ಲೆಕ್ಕ ಹೇಳುತ್ತದೆ. ಇಳಿದದ್ದು ಒಳ್ಳೆಯದೇ. ಆದರೂ ನೂರರಲ್ಲಿ ಸುಮಾರು ನಲವತ್ತು ರೂಪಾಯಿಯನ್ನು ಮನೆಯವರೇ ಹೊಂದಿಸಬೇಕು. ಅದರಲ್ಲಿ ದೊಡ್ಡ ಪಾಲು ಹೋಗುವುದು ಮಾತ್ರೆಗೆ, ರಕ್ತಪರೀಕ್ಷೆಗೆ, ಸ್ಕ್ಯಾನಿಂಗಿಗೆ. ಕಾರ್ಡು ಕೈಹಾಕದ ಜಾಗ ಇದೇ.

ಹಾಗಾಗಿ ನನ್ನ ಕೋರಿಕೆ ಒಂದೇ: ಈ ರಾಜ್ಯದಲ್ಲಿ ಬಿಪಿ, ಸಕ್ಕರೆ, ಮೂರ್ಛೆರೋಗ, ಆಸ್ತಮಾ ಇರುವ ಯಾರೇ ಆಗಲಿ ಹತ್ತಿರದ ಉಪಕೇಂದ್ರಕ್ಕೋ ಸರ್ಕಾರದ 'ನಮ್ಮ ಕ್ಲಿನಿಕ್'ಗೋ ಹೋದರೆ, ಯಾವ ಕಾರ್ಡನ್ನೂ ತೋರಿಸದೆ, ತಿಂಗಳಿಗೆ ಬೇಕಾದ ಮಾತ್ರೆ ಪೂರ್ತಿ ಸಿಗಬೇಕು. 'ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ' ಎಂಬ ಚೀಟಿ ಬರೆಯುವಂತಿರಬಾರದು. ಬರೆದರೆ ಸ್ಟಾಕ್ ಯಾಕೆ ಖಾಲಿಯಾಯಿತೆಂದು ಮೇಲಿನವರು ಉತ್ತರ ಕೊಡಬೇಕು. ಸರ್ಕಾರಕ್ಕೆ ಇದು ಹೊಳೆದಿಲ್ಲವೆಂದಲ್ಲ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಿಗೇ ಹೋಗಿ ತಪಾಸಣೆ ಮಾಡಿ ಮಾತ್ರೆ ಕೊಡುವ ಉದ್ದೇಶದ್ದು. ಹೆಜ್ಜೆ ಸರಿಯಾದ ದಿಕ್ಕಿಗೇ ಇದೆ. ಆದರೆ ಬಾಗಿಲು ತಟ್ಟುವವರು ಯಾರು? 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿಗಳನ್ನು ಕಳೆದ ಆಶಾ ಕಾರ್ಯಕರ್ತೆಯರು. ಅವರು ಕೇಳಿದ್ದು ತಿಂಗಳಿಗೆ ಹದಿನೈದು ಸಾವಿರ, ಸಿಕ್ಕಿದ್ದು ಹತ್ತು ಸಾವಿರದ ಭರವಸೆ. ಮುಂದಿನ ಬಜೆಟ್ಟಿನಲ್ಲಿ ಆರೋಗ್ಯದ ಪುಟ ಬಂದಾಗ ನಾನು ಮೊದಲು ಹುಡುಕುವುದು ಅವರ ಗೌರವಧನದ ಸಾಲನ್ನು, ಆಮೇಲೆ ಔಷಧ ಖರೀದಿಯ ಸಾಲನ್ನು. ಕಾರ್ಡಿನ ಮಿತಿ ಎಷ್ಟಕ್ಕೆ ಏರಿತು ಎಂಬುದನ್ನು ಕೊನೆಗೆ ನೋಡಿದರಾಯಿತು.