ಮಹಾಮಾರಿಯ ಕಾಲದಲ್ಲಿ ಹೆತ್ತವರಿಗೊಂದು ಓದು

ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ವ್ಯಾಧಿಯನ್ನು ಜಾಗತಿಕ ಮಹಾಮಾರಿಯೆಂದು ಬಣ್ಣಿಸಿದ್ದು 2020ರ ಮಾರ್ಚ್ 11ರಂದು. ಎರಡು ವಾರಗಳಲ್ಲಿ ಭಾರತವು ತನ್ನ ಬಾಗಿಲು ಮುಚ್ಚಿಕೊಂಡಿತು. ಕರ್ನಾಟಕದಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಷ್ಟು ದೀರ್ಘಕಾಲ ಮಗುವಿಗೆ ಶಿಕ್ಷಕ, ದಾದಿ, ಆಟದ ಸಂಗಾತಿ ಎಲ್ಲವೂ ತಾಯಿತಂದೆಯರೇ ಆಗಬೇಕಾಯಿತು. ಅವರ ಕೈಗೆ ತಲುಪಿದ ಆರೋಗ್ಯ ಮಾಹಿತಿಯಾದರೂ ಎಂತಹದು?

ಬಹುಪಾಲು ಸುತ್ತೋಲೆಯ ಭಾಷೆಯದು. 'ಸಾಮಾಜಿಕ ಅಂತರ' ಎಂಬ ಮಾತನ್ನೇ ನೋಡಿ. ಅಂತರಗಳಿಂದ ಈಗಾಗಲೇ ನೊಂದ ನಮ್ಮ ಸಮಾಜದಲ್ಲಿ ಆ ಮಾತು ಎಷ್ಟು ಅಪಾಯಕಾರಿ! ಆ ಮಾರ್ಚ್ ತಿಂಗಳಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯು 'ದೈಹಿಕ ಅಂತರ' ಎನ್ನುವುದು ಲೇಸೆಂದು ಸೂಚಿಸಿತ್ತು. ಆದರೂ ಹಳೆಯ ಮಾತೇ ಫಲಕಗಳ ಮೇಲೆ ಉಳಿದುಕೊಂಡಿತು. ದೂರವಿದ್ದೂ ಅಜ್ಜಿಯೊಡನೆ ಮಾತನಾಡಬಹುದೆಂದು ಮಗುವಿಗೆ ತಿಳಿಸಲು ಇಂತಹ ಪದಗಳಿಂದ ಯಾವ ತಾಯಿಗೂ ಸಾಧ್ಯವಿರಲಿಲ್ಲ.

ಬೇರೆ ದಾರಿಯೂ ಇತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಹಲವು ಅಂತಾರಾಷ್ಟ್ರೀಯ ಸಂಸ್ಥೆಗಳು ಕೂಡಿ 'ಮೈ ಹೀರೋ ಈಸ್ ಯೂ' ಎಂಬ ಕಥಾಪುಸ್ತಕವನ್ನು ಹೊರತಂದವು. ಬರೆದು ಚಿತ್ರಿಸಿದವರು ಹೆಲೆನ್ ಪಟಕ್. ವಿಜ್ಞಾನಿ ತಾಯಿಯ ಮಗಳು ಸಾರಾ, ಆರಿಯೋ ಎಂಬ ಡ್ರ್ಯಾಗನ್ನಿನ ಬೆನ್ನೇರಿ ನಾಡುನಾಡಿನ ಮಕ್ಕಳನ್ನು ಕಾಣುವ ಕಥೆಯದು. ಪುಸ್ತಕದ ಹಿರಿಮೆ ಡ್ರ್ಯಾಗನ್ನಿನಲ್ಲಿಲ್ಲ, ಅದು ಹುಟ್ಟಿದ ರೀತಿಯಲ್ಲಿದೆ. ಮೊದಲು 1,700ಕ್ಕೂ ಹೆಚ್ಚು ಮಕ್ಕಳು, ಪೋಷಕರು, ಶಿಕ್ಷಕರು ತಾವು ದಿನ ನೂಕುತ್ತಿದ್ದ ಬಗೆಯನ್ನು ತಿಳಿಸಿದರು. ಬಳಿಕ ಕರಡನ್ನು ಮಕ್ಕಳಿಗೆ ಓದಿ ಹೇಳಿ ತಿದ್ದಲಾಯಿತು. ಮಗುವೊಂದೇ ಇದನ್ನು ಓದಬಾರದು, ಹಿರಿಯರು ಜೊತೆಗಿರಬೇಕೆಂಬ ಸೂಚನೆಯೂ ಅದರಲ್ಲಿದೆ. ಎಂದರೆ, ಕಥೆ ಮಗುವಿನದಾದರೂ ಪಾಠ ಹೆತ್ತವರದೂ ಹೌದು.

ಇದಕ್ಕಿಂತಲೂ ನನ್ನ ಮೆಚ್ಚುಗೆಗೆ ಪಾತ್ರವಾದವು, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದವುಗಳೊಡನೆ ಆಕ್ಸ್‌ಫರ್ಡಿನ ಲೂಸಿ ಕ್ಲೂವರ್ ಮತ್ತು ಸಂಗಡಿಗರು ಸಿದ್ಧಪಡಿಸಿದ ಪೋಷಕರ ಕರಪತ್ರಗಳು. ವಿಷಯಕ್ಕೊಂದೇ ಪುಟ. ದಿನಕ್ಕೆ 20 ನಿಮಿಷವಾದರೂ ಒಂದೊಂದು ಮಗುವಿಗೇ ಮೀಸಲಿಡಿ. ಕೋಪ ಬಂದಾಗ ಹತ್ತು ಸೆಕೆಂಡು ತಡೆದು ಐದು ಬಾರಿ ನಿಧಾನವಾಗಿ ಉಸಿರಾಡಿ, ಅನಂತರ ಮಾತನಾಡಿ. ಒಲೆಯ ಮೇಲೆ ಅನ್ನವಿಟ್ಟು ನಿಂತ ಗೃಹಿಣಿಯೂ ಓದಿ ಮುಗಿಸಬಲ್ಲ, ಅಂದೇ ಪಾಲಿಸಬಲ್ಲ ಮಾತುಗಳಿವು. ಕೈ ತೊಳೆಯಿರೆಂದು ಗದರುವ ಪ್ರಕಟಣೆಗಳು ಕೂಲಿ ತಪ್ಪಿದ ತಂದೆಯ ಸಿಡಿಮಿಡಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮನೆಯೊಳಗೆ ಮಗುವಿಗೆ ಏಟು ಬೀಳುವುದೂ ಆರೋಗ್ಯದ ಪ್ರಶ್ನೆಯೇ ಎಂದು ಈ ಪತ್ರಗಳು ಗುರುತಿಸಿದ್ದವು.

ಎಲ್ಲರ ಕಣ್ಣೂ ಒಂದೇ ರೋಗದ ಮೇಲಿದ್ದಾಗ ಇನ್ನೊಂದು ನಷ್ಟ ಸದ್ದಿಲ್ಲದೆ ಸಂಭವಿಸಿತು. 2020ರಲ್ಲಿ ಜಗತ್ತಿನ ಸುಮಾರು 2 ಕೋಟಿ 30 ಲಕ್ಷ ಮಕ್ಕಳು ವಾಡಿಕೆಯ ಲಸಿಕೆಗಳಿಂದ ವಂಚಿತರಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜಿಸಿದವು. ದಡಾರಕ್ಕೆ ದಿಗ್ಬಂಧನವಿಲ್ಲ. ಆಸ್ಪತ್ರೆಗೆ ಹೋಗಲು ಅಂಜಿದ ತಾಯಿಗೆ, ಯಾವ ಚುಚ್ಚುಮದ್ದನ್ನು ಎಷ್ಟು ದಿನ ಮುಂದೂಡಬಹುದು, ಯಾವುದನ್ನು ಕೂಡದು, ಯಾರನ್ನು ಕೇಳಬೇಕು ಎಂಬುದನ್ನು ಒಂದು ಪುಟದಲ್ಲಿ ತಿಳಿಸುವ ಕನ್ನಡದ ಕರಪತ್ರವನ್ನು ಮುಂದಿನ ಮಹಾಮಾರಿಗೆ ಕಾಯದೆ ಈಗಲೇ ಬರೆದಿಡಬಹುದು. ನಮ್ಮ ಧರ್ಮಕೇಂದ್ರಗಳಲ್ಲಿ ದಾದಿಯರಿಗೂ ಶಿಕ್ಷಕಿಯರಿಗೂ ಕೊರತೆಯಿಲ್ಲ. ಕರಡನ್ನು ಮೊದಲು ಓದಬೇಕಾದವರು ಮಾತ್ರ ಎಳೆಗೂಸಿನ ತಾಯಂದಿರು.