ನೋವಿಲ್ಲದ ಹುಣ್ಣಿಗೆ ಅಳತೆಯ ಪಟ್ಟಿ

ಕಳೆದ ವರ್ಷ ಒಂಬತ್ತನೇ ತರಗತಿಯ ಹುಡುಗನೊಬ್ಬ ಬಿಡುವಿನ ವೇಳೆಯಲ್ಲಿ ಬಂದು ಕೇಳಿದ: ‘ಸಾರ್, ನಮ್ಮ ತಾತನಿಗೆ ಸಕ್ಕರೆ ಕಾಯಿಲೆ. ಅಂಗಾಲಲ್ಲಿ ಹುಣ್ಣಾಗಿದೆ, ಆದರೆ ನೋವೇ ಇಲ್ಲವಂತೆ. ವಾಸಿಯಾಗುತ್ತಿದೆ ಅಂತ ತಾನೆ ಅರ್ಥ?’

ಅಲ್ಲ. ನೋವಿಲ್ಲದಿರುವುದೇ ಇಲ್ಲಿನ ಅಪಾಯ. ರಕ್ತದಲ್ಲಿ ಸಕ್ಕರೆಯ ಅಂಶ ಬಹುಕಾಲ ಹೆಚ್ಚಿದ್ದರೆ ಪಾದದ ನರಗಳು ಸೊರಗುತ್ತವೆ. ಮುಳ್ಳು ಚುಚ್ಚಿದರೂ ಮೆದುಳಿಗೆ ಸುದ್ದಿ ಮುಟ್ಟುವುದಿಲ್ಲ. ರಕ್ತನಾಳಗಳೂ ಕಿರಿದಾಗಿದ್ದರೆ ಗಾಯ ಮಾಯಲು ಬೇಕಾದ ಆಮ್ಲಜನಕ ಸಾಲದು. ಕಾಲು ಹೇಳದಿದ್ದನ್ನು ಕಣ್ಣೇ ನೋಡಿ ತಿಳಿಯಬೇಕು.

ಆಸ್ಪತ್ರೆ ದೂರವಾದ್ದರಿಂದ, ವಾರಕ್ಕೊಮ್ಮೆ ಮೊಬೈಲಿನಲ್ಲಿ ಹುಣ್ಣಿನ ಫೋಟೊ ತೆಗೆದು ಕಳಿಸಲು ಡಾಕ್ಟರು ಹೇಳಿದ್ದರು. ಎರಡನೆಯ ಫೋಟೊದಲ್ಲಿ ಹುಣ್ಣು ಚಿಕ್ಕದಾಗಿ ಕಂಡಿತೆಂದು ಮನೆಯವರು ಕಳಿಸುವುದನ್ನೇ ಬಿಟ್ಟಿದ್ದರು. ಹುಡುಗ ತೋರಿಸಿದ ಎರಡೂ ಫೋಟೊ ನೋಡಿದೆ. ಎರಡನೆಯದರಲ್ಲಿ ಪಾದವೂ ಚಿಕ್ಕದಾಗಿತ್ತು! ಫೋನನ್ನು ದೂರ ಹಿಡಿದಿದ್ದರು, ಅಷ್ಟೆ. ಹೆಬ್ಬೆರಳಿನ ಅಗಲಕ್ಕೆ ಹೋಲಿಸಿದರೆ ಹುಣ್ಣು ಬೆಳೆದಿತ್ತು. ಅಂದೇ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದೆ. ತಾತ ಒಂದು ಬೆರಳು ಕಳೆದುಕೊಂಡರು, ಕಾಲು ಉಳಿಯಿತು.

ಅಳತೆಗೋಲಿಲ್ಲದ ಚಿತ್ರ ಅರ್ಧ ಸತ್ಯ. ಬಿಳಿ ಕಾಗದದ ಪಟ್ಟಿಯೊಂದಕ್ಕೆ ಸೆಂಟಿಮೀಟರ್ ಗುರುತು ಹಾಕಿ, ದಿನಾಂಕ ಬರೆದು, ಹುಣ್ಣಿಗೆ ತಾಗದಂತೆ ಅದರ ಪಕ್ಕದಲ್ಲಿಡಿ. ಫೋನನ್ನು ನೇರವಾಗಿ ಹಿಡಿಯಿರಿ, ಓರೆ ಬೇಡ. ಬೆಳಕು ಪ್ರತಿಸಲ ಒಂದೇ ತೆರನಾಗಿರಲಿ. ಇಂಥ ಗುರುತನ್ನೇ ಆಧರಿಸಿ ಹುಣ್ಣಿನ ವಿಸ್ತೀರ್ಣ ಲೆಕ್ಕ ಹಾಕುವ ಆ್ಯಪ್‌ಗಳೂ ಇವೆ.

ಲೆಕ್ಕ ನೀವೂ ಮಾಡಬಹುದು. ಮೊದಲು ಹುಣ್ಣು 4 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲವಿತ್ತೆನ್ನಿ: ಗುಣಿಸಿದರೆ 12. ನಾಲ್ಕು ವಾರಗಳ ನಂತರ 3 ಮತ್ತು 2 ಆದರೆ ಗುಣಲಬ್ಧ 6, ಅಂದರೆ ಅರ್ಧ. ನಾಲ್ಕು ವಾರಗಳಲ್ಲಿ ಅರ್ಧದಷ್ಟು ಕುಗ್ಗುವುದನ್ನು ವೈದ್ಯರು ಒಳ್ಳೆಯ ಲಕ್ಷಣವೆಂದು ಎಣಿಸುತ್ತಾರೆ. ಕುಗ್ಗದಿದ್ದರೆ ಚಿಕಿತ್ಸೆಯನ್ನು ಮರುಪರಿಶೀಲಿಸುತ್ತಾರೆ.

ಆದರೆ ಫೋಟೊಗೆ ಮೂಗಿಲ್ಲ, ಚರ್ಮವಿಲ್ಲ. ದುರ್ವಾಸನೆ, ಬಿಸಿ, ಹುಣ್ಣಿನ ಆಳ ಅದಕ್ಕೆ ತಿಳಿಯದು. ಕೀವು, ಹರಡುವ ಕೆಂಪು, ಕಪ್ಪಾದ ಬೆರಳು, ಜ್ವರ, ಇವುಗಳಲ್ಲಿ ಒಂದು ಕಂಡರೂ ಫೋಟೊ ಕಳಿಸಿ ಕಾಯುತ್ತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಮಕ್ಕಳೇ, ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದಾರೆಯೇ? ಬಗ್ಗಿ ಅಂಗಾಲು ನೋಡಿಕೊಳ್ಳುವುದು ಅವರಿಗೆ ಕಷ್ಟ. ದಿನಾ ಸಂಜೆ ನೀವೇ ನೋಡಿ. ಹೋಂವರ್ಕಿಗೆ ಮುಂಚೆ ಎರಡು ನಿಮಿಷ ಸಾಕು.